ಪಂಪಿಗೆ ಬೈದದ್ದು

ನಿರ್ಜೀವ ವಸ್ತುಗಳಿಗೆ ಬೈಯುವ ಚಟ ನನಗೆ ಮೊದಲಿನಿಂದಲೂ ಇದೆ. ಸ್ಟಾರ್ಟ್ ಆಗದ ಸ್ಕೂಟರಿಗೆ, ಕಚೇರಿಯ ಪ್ರಿಂಟರಿಗೆ, ಮಳೆಗಾಲದಲ್ಲಿ ಬಿಗಿಯಾಗುವ ಚಿಲಕಕ್ಕೆ, ಎಲ್ಲಕ್ಕೂ ಬಾಯ್ತುಂಬ ಬೈಯುತ್ತೇನೆ. ಮನುಷ್ಯರಿಗೆ ಬೈಯುವ ಧೈರ್ಯವಿಲ್ಲದವರಿಗೆ ದೇವರು ಕೊಟ್ಟ ಸವಲತ್ತು ಇದು. ಅವು ತಿರುಗಿ ಬೈಯುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಮಾತು ಬಿಡುವುದಿಲ್ಲ. ಆದರೆ ಬಚ್ಚಲಮನೆಯೊಳಗಿಂದ ಬೈಯುವಾಗ ಬಾಗಿಲಿನ ಆಚೆ ಯಾರು ಕೂತಿದ್ದಾರೆಂದು ನೋಡಿಕೊಳ್ಳಬೇಕು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಶಹಾಪುರದ ನಮ್ಮ ಮನೆಗೆ ಶವರ್ ಹಾಕಿಸಿದ್ದು ಹೋದ ವರ್ಷದ ಬೇಸಿಗೆಯಲ್ಲಿ. ಹಾಕಿಸಿದ ಮೇಲೆ ನೋಡಿದರೆ ಅದರಿಂದ ನೀರು ಬರುವುದು ಪೂಜಾರಿ ತೀರ್ಥ ಚಿಮುಕಿಸಿದಷ್ಟೇ. ಸರಿ, ಪಂಪು ತಂದೆ. ಅದನ್ನು ತಣ್ಣೀರಿನ ಪೈಪಿಗೆ ಮಾತ್ರ ಕೂಡಿಸಬೇಕೆಂದು ಅಪ್ಪಣೆ ಕೊಟ್ಟವನೂ ನಾನೇ. ಬಿಸಿನೀರು ಜೋರಾಗಿ ಬಿದ್ದರೆ ಮೈ ಸುಟ್ಟೀತು ಎಂಬುದು ನನ್ನ ದೂರಾಲೋಚನೆ. ಪ್ಲಂಬರ್ "ನೀವು ಹೇಳಿದಂಗ ಆಗ್ಲಿ ಬಿಡ್ರಿ" ಎಂದು ಕೂಡಿಸಿ ಹೋದ. ಬೇಸಿಗೆಯಲ್ಲಿ ಪಂಪಿಗೆ ಕೆಲಸವೇ ಬೀಳಲಿಲ್ಲ, ಹಾಗಾಗಿ ತೊಂದರೆಯೂ ಕಾಣಲಿಲ್ಲ. ನಮ್ಮ ಊರಿನ ಬಿಸಿಲಿಗೆ ಮಾಳಿಗೆಯ ಟ್ಯಾಂಕೇ ಕುದಿಯುತ್ತದೆ. ಗೀಜರ್ ಬಂದ್ ಮಾಡಿ, ಅದರೊಳಗೆ ನಿಂತು ತಣ್ಣಗಾದ ನೀರಿನಲ್ಲೇ ನಾವು ಸ್ನಾನ ಮಾಡುತ್ತೇವೆ. ಕೆಂಪು ಗುರುತಿನ ನಲ್ಲಿಯಲ್ಲಿ ತಂಪು, ನೀಲಿಯಲ್ಲಿ ಬೆಂಕಿ. ಹೊರಗಿನವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಅವರು ಒಮ್ಮೆ ಚೀರಿರುತ್ತಾರೆ.

ಚಳಿ ಶುರುವಾಗಿ ಗೀಜರ್ ಹಾಕಿದಾಗ ನನ್ನ ಅಪ್ಪಣೆಯ ಫಲ ಕಂಡಿತು. ಪಂಪಿನ ಬಲವಿದ್ದ ತಣ್ಣೀರು ನುಗ್ಗಿ ಬಂದು ಬಿಸಿನೀರನ್ನು ಹೊರಗೆ ಬರಗೊಡುತ್ತಿರಲಿಲ್ಲ. ತಣ್ಣೀರಿನ ನಲ್ಲಿಯನ್ನು ಚೂರು ತಿರುಗಿಸಿದರೆ ಪಂಪು ಮುನಿಸಿಕೊಂಡು ನಿಂತುಬಿಡುತ್ತಿತ್ತು, ನೆತ್ತಿಯ ಮೇಲೆ ಕುದಿನೀರು. ಮತ್ತೆ ತಾನೇ ಶುರುವಾಗಿ, ಮತ್ತೆ ನಿಂತು, ವಟವಟ ಅನ್ನುತ್ತಲೇ ಇರುತ್ತಿತ್ತು. ನಾಳೆ ಸರಿ ಮಾಡಿಸಿದರಾಯಿತು ಎನ್ನುವಷ್ಟರಲ್ಲಿ ದೀಪಾವಳಿ ಬಂತು.

ದೀಪಾವಳಿಗೆ ಸುರಪುರದಿಂದ ನನ್ನಕ್ಕ ಬರುತ್ತಾಳೆ. ನರಕಚತುರ್ದಶಿಯ ನಸುಕಿನಲ್ಲಿ ತಮ್ಮನನ್ನು ಮಣೆಯ ಮೇಲೆ ಕೂಡಿಸಿ, ಎಣ್ಣೆ ಹಚ್ಚಿ, ನೀರು ಹಾಕಿ, ಆರತಿ ಬೆಳಗಿ ಹೋಗುವುದು ಅವ್ವ ತೀರಿಕೊಂಡ ಮೇಲೆ ಆಕೆಯ ಪಾಲಿಗೆ ಬಂದ ಕೆಲಸ. ನೀರು ಹಾಕುತ್ತಾ ವರ್ಷದ ಸುದ್ದಿಯನ್ನೆಲ್ಲ ಹೇಳುತ್ತಾಳೆ, ತಂಬಿಗೆಗೊಂದು ಸುದ್ದಿ. ಮೈತುಂಬ ಎಣ್ಣೆ ಬಳಿದುಕೊಂಡು ಕೂತವನು ಎದ್ದು ಎಲ್ಲಿಗೆ ಹೋದಾನು? ಅತ್ತೆಯ ಕಾಟ, ಮಾವನ ಸಾವು, ಮಗಳ ಬಾಣಂತನ ಎಲ್ಲವೂ ನನಗೆ ಗೊತ್ತಾಗಿದ್ದು ಹಾಗೆಯೇ. ಉಳಿದ ದಿನ ಫೋನಿನಲ್ಲಿ ಆಕೆ "ಆರಾಮದೀವಿ" ಎನ್ನುವುದರ ಆಚೆ ಹೋಗುವುದಿಲ್ಲ.

ಆ ಸಲ ನಾನು ಜಾಣತನ ಮಾಡಿದೆ. "ಅಕ್ಕಾ, ನಿನ್ನ ಮಣಕಾಲ ನೋವು ಐತಿ. ಬಗ್ಗಿ ನೀರು ಹಾಕೋದು ಬ್ಯಾಡ, ಶವರ್ ಐತಲ್ಲ" ಎಂದೆ. ಮಣಕಾಲಿನ ಕಾಳಜಿ ಖರೇ, ಶವರ್ ತೋರಿಸುವ ಹುಕಿಯೂ ಅಷ್ಟೇ ಖರೇ.

"ನೀರು ಅದು ಹಾಕಿದ್ರ ನಾ ಏನ್ ಮಾಡ್ಲೋ?"

"ನೀ ಆರಾಮ ಕುಂದ್ರು."

ಪಡಸಾಲೆಯಲ್ಲೇ ಎಣ್ಣೆ ಹಚ್ಚಿದಳು. ನಾನು ಒಳಗೆ ಹೋಗಿ, ನೀರು ಹೊರಗೆ ಸಿಡಿಯಬಾರದೆಂದು ಬಾಗಿಲು ಹಾಕಿಕೊಂಡೆ. ಆಕೆ ಬಾಗಿಲ ಹೊರಗೆ ಮಣೆ ಎಳೆದುಕೊಂಡು ಕೂತಳಂತೆ. ಕೂತು, ಪದ್ಧತಿ ಪ್ರಕಾರ ಮಾತು ಶುರು ಮಾಡಿದಳಂತೆ. ಪಂಪಿನ ಸದ್ದಿನಲ್ಲಿ ನನಗೆ ಒಂದೂ ಕೇಳಿಸಲಿಲ್ಲ. ಮೊದಲು ಹಿಮದಂಥ ನೀರು, ಆಮೇಲೆ ನೆತ್ತಿಗೆ ಕುದಿನೀರು, ಮತ್ತೆ ವಟವಟ. ನನ್ನ ತಾಳ್ಮೆ ತಪ್ಪಿತು. "ನಿನ್ನ ವಟವಟ ಬಂದ್ ಮಾಡ! ಹಬ್ಬದ ದಿನಾನೂ ಜೀವಾ ತಿಂತಿ! ಸಾಕಾಗೇತಿ ನನಗ!" ಎಂದು ಒದರಿದೆ. ಕೆಟ್ಟ ಗಳಿಗೆ ನೋಡಿ, ಸರಿಯಾಗಿ ಆಗಲೇ ಪಂಪು ನಿಂತಿತು. ನನ್ನ ಮಾತು ಮನೆಯೆಲ್ಲ ಕೇಳಿಸಿತು.

ಹೊರಗೆ ಬಂದಾಗ ಅಕ್ಕ ಆರತಿಯ ತಟ್ಟೆ ಸಿದ್ಧ ಮಾಡುತ್ತಿದ್ದಳು. ಸುಮ್ಮನೆ ಬೆಳಗಿದಳು, ಸುಮ್ಮನೆ ಚೀಲ ತುಂಬಿಕೊಂಡಳು. ಒಳಗೆ ನನ್ನ ಹೆಂಡತಿ ಪಿಸುಗುಟ್ಟಿದಳು: "ನಿಮ್ಮಕ್ಕ, 'ನಮ್ಮ ಮನ್ಯಾಗ ನನ್ನ ಮಾತು ಕೇಳವ್ರು ಯಾರೂ ಇಲ್ಲಪ್ಪ, ನಿನ್ನ ಮುಂದ ಹೇಳಿದ್ರ ಜೀವಾ ಹಗರ ಆಕ್ಕೈತಿ' ಅಂತ ಹೇಳಾಕತ್ತಿದ್ರು. ಅಷ್ಟರಾಗ ನೀವು ಒದರಿದ್ರಿ." ನಾನು ಓಡಿಹೋಗಿ, "ಅಕ್ಕಾ, ನಾ ಬೈದಿದ್ದು ಪಂಪಿಗಿ" ಎಂದೆ. "ಹೂಂ ಬಿಡಪ್ಪ, ಪಂಪಿಗೇ ಬೈದಿರ್ತಿ" ಎಂದಳು. ಯಾವ ಶಾಣ್ಯಾ ಮನುಷ್ಯ ನಂಬಿಯಾನು? ನಾನೇ ಆಕೆಯ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ.

ಹಬ್ಬ ಮುಗಿದೊಡನೆ ಪಂಪನ್ನು ಕೀಳಿಸಿ ಟ್ಯಾಂಕಿನ ಬುಡಕ್ಕೇ ಕೂಡಿಸಿದೆ. ಅಲ್ಲಿಂದ ಬಿಸಿ, ತಂಪು ಎರಡೂ ಪೈಪಿಗೆ ಒಂದೇ ರಭಸದ ನೀರು. ಈಗ ಶವರ್ ಎಷ್ಟು ಸೊಗಸಾಗಿದೆ ಎಂದರೆ ನೆರೆಮನೆಯವರು ಬಂದು ನೋಡಿ ಹೋಗುತ್ತಾರೆ. ಅಕ್ಕ ಮಾತ್ರ ಬರಲಿಲ್ಲ. ಈ ಸಲದ ದೀಪಾವಳಿಗೆ ಕರೆದಾಗ "ನೀರು ಅದು ಹಾಕತೈತಲ್ಲಪ್ಪ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಟವೆಲ್ ಹಿಡಿದುಕೊಂಡು ನಾನೇ ಸುರಪುರಕ್ಕೆ ಹೋದೆ. ಅಕ್ಕ ನಸುಕಿನಲ್ಲೆದ್ದು ಹಂಡೆಗೆ ಉರಿ ಹಾಕಿ, ಎಣ್ಣೆ ಹಚ್ಚಿ, ಮಣೆಯ ಮೇಲೆ ಕೂಡಿಸಿದಳು. ಒಂದು ತಂಬಿಗೆ ಬಿತ್ತು, ಸುದ್ದಿಯಿಲ್ಲ. ಇನ್ನೊಂದು ಬಿತ್ತು, ಸುದ್ದಿಯಿಲ್ಲ. "ಮನ್ಯಾಗ ಎಲ್ಲಾರೂ ಹ್ಯಾಂಗದಾರ ಅಕ್ಕಾ?" ಎಂದೆ. "ಆರಾಮದಾರ" ಎಂದಳು. ಕೊನೆಗೆ ಬೇಕೆಂದೇ "ಬಿಸಿ ಬಾಳ ಆತು!" ಎಂದು ಚೀರಿದೆ. ಮೊದಲಾಗಿದ್ದರೆ "ಸುಮ್ನ ಕುಂದ್ರಲೇ, ಸುಟ್ಟು ಸಾಯಂಗಿಲ್ಲ" ಎಂದು ಬೆನ್ನಿಗೊಂದು ಗುದ್ದಿ ಅದೇ ನೀರು ಸುರಿಯುತ್ತಿದ್ದಳು. ಈಗ "ಹೌದೇನು?" ಎಂದು ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, ಮೆಲ್ಲಗೆ ಹಾಕಿದಳು. ಅಕ್ಕ ಎದುರಾಡದೆ ನನ್ನ ಮಾತು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ನಾನು ಮಣೆಯ ಮೇಲೆ ಕೂತಲ್ಲೇ ಅತ್ತುಬಿಟ್ಟೆ.

"ಇನ್ನೂ ಬಿಸಿ ಆತೇನು?" ಎಂದು ಅಕ್ಕ ಮತ್ತೊಂದು ತಂಬಿಗೆ ತಣ್ಣೀರು ಬೆರೆಸಿದಳು.