ವಿಮಾನ ಹತ್ತದವಳ ಟಿಕೆಟ್ ಅಂಗಡಿ

ಮಾನ ಹೋಗುವ ಸಂದರ್ಭಗಳನ್ನು ಕೆಲವರು ಹುಡುಕಿಕೊಂಡು ಹೋಗಬೇಕಾಗುತ್ತದೆ. ನನಗೆ ಆ ಕಷ್ಟವಿಲ್ಲ, ಅವು ವಾರಕ್ಕೊಂದರಂತೆ ಅಂಗಡಿಗೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತವೆ.

ಪೊನ್ನಂಪೇಟೆಯಲ್ಲಿ ನನ್ನದೊಂದು ಟಿಕೆಟ್ ಅಂಗಡಿ. ಬಸ್ಸು, ರೈಲು, ವಿಮಾನ ಮೂರಕ್ಕೂ ಟಿಕೆಟ್ ಮಾಡಿಕೊಡುತ್ತೇನೆ, ಜೊತೆಗೆ ಝೆರಾಕ್ಸ್. ಹದಿನಾಲ್ಕು ವರ್ಷದಿಂದ ಊರಿನವರನ್ನು ಆಕಾಶಕ್ಕೆ ಹತ್ತಿಸುತ್ತಿರುವ ನಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಇದು ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಹೋಗಿ ಬಂದವರ ಬಾಯಿಂದ ಒಂದೊಂದೇ ವಿಷಯ ಕೇಳಿಟ್ಟುಕೊಂಡು, ಮುಂದೆ ಹೋಗುವವರಿಗೆ ನನ್ನದೇ ಅನುಭವದಂತೆ ಹೇಳುತ್ತಿದ್ದೆ. ಮೊದಲ ವರ್ಷವೇ ನಿಜ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಹೇಳಲಿಲ್ಲ. ಆಮೇಲೆ ಹೇಳಲು ಮುಖ ಇರಲಿಲ್ಲ.

ಮದುಮಗನ ಕತ್ತಿ

ನಮ್ಮ ಕಡೆಯ ಹುಡುಗನೊಬ್ಬನಿಗೆ ದೆಹಲಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ದಿಬ್ಬಣದ ಎಂಟು ಜನರಿಗೂ ಬೆಂಗಳೂರಿನಿಂದ ವಿಮಾನದ ಟಿಕೆಟ್ ನಾನೇ ಮಾಡಿಕೊಟ್ಟೆ. ಮದುಮಗನ ಸೋದರಮಾವ ಕೇಳಿದರು, "ಮದುವೆ ಬಟ್ಟೆ ದೊಡ್ಡ ಚೀಲದಲ್ಲಿ ಹಾಕೋದಾ, ಕೈಯಲ್ಲಿ ಹಿಡ್ಕೊಳ್ಳೋದಾ?"

"ದೊಡ್ಡ ಚೀಲ ನಂಬಬೇಡಿ ಮಾವ, ಒಂದೊಂದ್ಸಲ ಬೇರೆ ಊರಿಗೆ ಹೋಗಿಬಿಡ್ತದೆ. ಮದುಮಗನ ಸಾಮಾನು ಒಂದೂ ಬಿಡದೆ ಕೈಯಲ್ಲೇ ಇಟ್ಕೊಳ್ಳಿ" ಎಂದೆ.

ಒಂದೂ ಬಿಡದೆ ಎಂದರೆ ಉದ್ದ ಕೋಟಿನಂಥ ಕುಪ್ಯ, ನಡುವಿಗೆ ಸುತ್ತುವ ಚೇಲೆ, ಪೇಟ, ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿ ಹಿಡಿಯ ಪೀಚೆಕತ್ತಿ. ಕತ್ತಿಯ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ತಪಾಸಣೆಯಲ್ಲಿ ಅದು ಸಿಕ್ಕಿಬಿತ್ತು. ಅಷ್ಟರಲ್ಲಿ ದೊಡ್ಡ ಚೀಲಗಳೆಲ್ಲ ಒಳಗೆ ಹೋಗಿಯಾಗಿತ್ತು. ತಾತನ ಕಾಲದ ಕತ್ತಿ, ಬಿಟ್ಟು ಹೋಗುವ ಹಾಗಿಲ್ಲ. ಕೊನೆಗೆ ಸೋದರಮಾವನೇ ಮದುವೆ ಬಿಟ್ಟು, ಕತ್ತಿ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸ್ ಬಂದರು. ದೆಹಲಿಯಲ್ಲಿ ಹೋಟೆಲಿನವರು ಕೊಟ್ಟ ಕೇಕ್ ಕತ್ತರಿಸುವ ಚಾಕುವನ್ನೇ ಮದುಮಗನ ಸೊಂಟಕ್ಕೆ ಸಿಕ್ಕಿಸಿದರಂತೆ. ಅದರ ಹಿಡಿಗೆ ಕಟ್ಟಿದ್ದ ಗುಲಾಬಿ ರಿಬ್ಬನ್ ಎಲ್ಲ ಫೋಟೋದಲ್ಲೂ ಬಂದಿದೆ.

ಮಾವ ಮರುದಿನ ಅಂಗಡಿಗೆ ಬಂದರು. ಬೈಯಲಿಲ್ಲ. ಕತ್ತಿಯನ್ನು ನನ್ನ ಮೇಜಿನ ಮೇಲಿಟ್ಟು, "ನೀನು ವಿಮಾನದಲ್ಲಿ ಹೋಗುವಾಗ ಇದನ್ನ ಎಲ್ಲಿಡ್ತೀ?" ಎಂದರು.

"ಮನೆಯಲ್ಲೇ ಇಡ್ತೀನಿ ಮಾವ" ಎಂದೆ. ಆ ಮದುವೆಯ ವಿಷಯದಲ್ಲಿ ನಾನು ಹೇಳಿದ ನಿಜ ಅದೊಂದೇ.

ಒಂದೂವರೆ ಗಂಟೆ

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಕಡಿಮೆ ದರದ ವಿಮಾನ ಕಂಪನಿಯೊಂದರ ಅಧಿಕಾರಿ ಅಂಗಡಿಗೆ ಬಂದರು. ಕಣ್ಣೂರು ನಿಲ್ದಾಣದಿಂದ ಹೊಸ ಮಾರ್ಗ ಶುರು ಮಾಡುವ ಯೋಚನೆ, ಯಾವ ಊರಿಗೆ ಎಂದು ಇನ್ನೂ ತೀರ್ಮಾನವಾಗಿಲ್ಲ ಎಂದರು.

"ನಮ್ಮ ವಿಮಾನ ನೆಲದ ಮೇಲೆ ನಿಂತಷ್ಟೂ ನಮಗೆ ನಷ್ಟ ಮೇಡಂ. ಅರ್ಧ ಗಂಟೆಯಲ್ಲಿ ಜನ ಇಳಿಸಿ, ಜನ ಹತ್ತಿಸಿ ಹೊರಡಬೇಕು. ದೊಡ್ಡ ನಿಲ್ದಾಣದಲ್ಲಿ ಅದು ಆಗಲ್ಲ, ಅದಕ್ಕೆ ಸಣ್ಣದು ಹುಡುಕ್ತೀವಿ. ಅಲ್ಲಿಗೆ ಎರಡು ಗಂಟೆ ಒಳಗೆ ಯಾವ ಊರಿನವರು ಬಂದು ಮುಟ್ಟಬಹುದು, ಅವರು ಎಲ್ಲಿಗೆ ಹೋಗ್ತಾರೆ, ಇಷ್ಟು ಗೊತ್ತಾದ್ರೆ ಸಾಕು. ಇಲ್ಲಿಂದ ಎಷ್ಟು ಹೊತ್ತು?"

ಎರಡು ಗಂಟೆ ಎಂದಾಗಲೇ ನನಗೆ ಅಳುಕಾಯಿತು. ಕೊಡಗನ್ನು ಪಟ್ಟಿಯಿಂದ ತೆಗೆದುಬಿಟ್ಟರೆ? "ಒಂದೂವರೆ ಗಂಟೆ ಸರ್" ಎಂದೆ.

"ನೀವು ಹೋಗಿದ್ದೀರಾ?"

"ಬೇಕಾದಷ್ಟು ಸಲ."

ಅವರಿಗೆ ಖುಷಿಯಾಯಿತು. ಊರಿನವರನ್ನು ವಿಚಾರಿಸಿ ತುಂಬಿಸಲು ಒಂದು ಕಟ್ಟು ಫಾರಂ ಕೊಟ್ಟರು. ಮಾರ್ಗ ಬಂದರೆ ಕೊಡಗಿಗೆ ನೀವೇ ನಮ್ಮ ಏಜೆಂಟ್ ಎಂದೂ ಹೇಳಿದರು. ಅಂಗಡಿಗೆ ಹೊಸ ಬೋರ್ಡು ಬರುತ್ತದೆ ಎಂದು ಅಂದೇ ಇಡೀ ಬೀದಿಗೆ ಸಾರಿದೆ.

ಮರುದಿನ ಬೆಳಿಗ್ಗೆ ಅವರು ಜೀಪು ಮಾಡಿಕೊಂಡು ಕಣ್ಣೂರಿಗೆ ಹೊರಟರು. ಮಾಕುಟ್ಟ ಘಾಟಿಯಲ್ಲಿ ಮರ ಬಿದ್ದಿತ್ತು. ಅದನ್ನು ಕಡಿದು ದಾರಿ ಬಿಡಿಸಿದ ಮೇಲೆ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಫೋನು ಬಂತು.

"ಮೇಡಂ, ನಾನು ಹೊರಟು ನಾಲ್ಕು ಗಂಟೆ ಆಯ್ತು, ಇನ್ನೂ ಕಾಡಲ್ಲೇ ಇದ್ದೀನಿ. ನೀವು ಯಾವ ದಾರೀಲಿ ಹೋಗ್ತೀರಿ?"

"ನಾನು ಬೇಸಿಗೇಲಿ ಹೋಗ್ತೀನಿ ಸರ್" ಎಂದೆ.

ಹೂಂ ಅಂದವರು

ಫಾರಂ ತುಂಬಿಸಲು ನಾಪೋಕ್ಲಿನ ಮದುವೆಯೊಂದಕ್ಕೆ ಹೋದೆ. ಮನೆಮನೆ ಅಲೆಯುವುದು ತಪ್ಪುತ್ತದೆ ಎಂಬ ಜಾಣತನ. ಗೋವಾಕ್ಕೆ ವಿಮಾನ ಬಂದರೆ ಹೋಗುತ್ತೀರಾ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಗೋವಾ ಯಾಕೆ ಎಂದರೆ, ನನಗೆ ನೋಡುವ ಆಸೆ ಇತ್ತು.

ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸುವುದು ನಮ್ಮವರಿಗೆ ಗೊತ್ತಿಲ್ಲ. ಕೇಳಿದವರೆಲ್ಲ ಹೂಂ ಅಂದರು. ಗೋಡೆಗೊರಗಿ ಕೂತಿದ್ದ ಒಬ್ಬ ಅಜ್ಜ ಪ್ರಶ್ನೆ ಮುಗಿಯುವ ಮೊದಲೇ "ಹೂಂ ಬರಿ" ಎಂದರು.

"ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ ಅಜ್ಜ?"

"ಹೆಚ್ಚು ಅಂದ್ರೆ ಎಷ್ಟುಂಟು ಅದ್ರಲ್ಲಿ?"

"ಆರಕ್ಕಿಂತ ಜಾಸ್ತಿ ಅಂತ ಉಂಟು."

"ಅದನ್ನೇ ಹಾಕು ಮಗಳೇ. ನಿಂಗೆ ಕಡಿಮೆ ಆಗ್ಬಾರ್ದು."

ಬಸ್ಸಿನಲ್ಲಿ ತಲೆ ತಿರುಗುತ್ತದೆ ಎಂದು ಈ ಅಜ್ಜ ಮಡಿಕೇರಿಗೇ ಹೋಗುವುದಿಲ್ಲ ಎಂದು ಅವರ ಸೊಸೆ ಪಕ್ಕದಲ್ಲೇ ನಿಂತು ಹೇಳಿದಳು. ಹೇಳಿ, ತನಗೂ ಆರು ಹಾಕಿಸಿಕೊಂಡಳು.

ಉಳಿದ ಫಾರಂ ಹಿಡಿದು ಪಾಲಿಬೆಟ್ಟದ ಒಂದು ಎಸ್ಟೇಟಿಗೆ ಹೋದೆ. ಬಂಗಲೆಯಲ್ಲಿ ಕಾಫಿ ಕುಡಿದು, ಮನೆಯವರದೆಲ್ಲ ತುಂಬಿಸಿಕೊಂಡು ಹೊರಟಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೇಳಿದರು, "ಲೈನ್ ಮನೆಯ ಕೂಲಿಯವರನ್ನ ಕೇಳೋದಿಲ್ವಾ ಅಕ್ಕ? ಅಸ್ಸಾಮಿಂದ ಬಂದವರು ತುಂಬ ಜನ ಇದ್ದಾರೆ."

"ಅವರೆಲ್ಲಿ ವಿಮಾನ ಹತ್ತುತ್ತಾರೆ ರೈಟರೇ?" ಎಂದು ನಕ್ಕುಬಿಟ್ಟೆ. ರೈಟರ್ ನಗಲಿಲ್ಲ. ಈಗ ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಜೀಪಿನಲ್ಲಿ ಕೂತು ನೋಡಿದರೆ ಒಂದು ಫಾರಂ ಮಿಕ್ಕಿತ್ತು. ಅದರಲ್ಲಿ ನನ್ನ ಹೆಸರು ಬರೆದೆ. ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ ಎಂಬುದಕ್ಕೆ, ಅಜ್ಜನಿಗಿಂತ ಕಡಿಮೆ ಯಾಕೆ ಎಂದು ನಾನೂ ಆರಕ್ಕಿಂತ ಜಾಸ್ತಿ ಹಾಕಿದೆ.

ಭಾನುವಾರದ ಸಂತೆ

ಅಧಿಕಾರಿ ಮತ್ತೆ ಬಂದಾಗ ಫಾರಂ ಕಟ್ಟನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ಟೋಪಿ ಇಟ್ಟರು. ಅಲ್ಲೇ ಎಲ್ಲವೂ ಗೊತ್ತಾಯಿತು.

"ನೀವು ಭಾನುವಾರ ಅಂಗಡಿ ತೆರೆಯಲ್ವಾ ಮೇಡಂ?" ಎಂದು ಕೇಳಿದರು.

"ಇಲ್ಲ ಸರ್."

"ನಾನು ಎರಡು ಭಾನುವಾರ ಗೋಣಿಕೊಪ್ಪದ ಸಂತೇಲಿ ನಿಂತಿದ್ದೆ. ಲೈನುಗಳಿಂದ ಬಂದ ಅಸ್ಸಾಮಿನವರೇ ತುಂಬಿದ್ರು. ಊರಿಗೆ ಹೋಗೋಕೆ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಮೂರು ದಿನ ರೈಲು. ಕೆಲವರು ಆಗಲೇ ಬೆಂಗಳೂರಿಂದ ವಿಮಾನದಲ್ಲೇ ಹೋಗ್ತಿದ್ದಾರೆ. ಹಬ್ಬಕ್ಕೆ, ಹೆರಿಗೆಗೆ, ಸಾವಿಗೆ ಹೋಗ್ಲೇಬೇಕಲ್ಲ? ಹೋಗಬೇಕು ಅಂತ ಆಸೆ ಇರೋರನ್ನ ನಂಬಿ ವಿಮಾನ ಬಿಡೋಕಾಗಲ್ಲ ಮೇಡಂ. ಹೋಗಲೇಬೇಕಾದವರು ಎಲ್ಲಿದ್ದಾರೆ ಅಂತ ನಾವು ನೋಡೋದು."

ಕಣ್ಣೂರಿನಿಂದ ಗುವಾಹಟಿಗೆ ಮಾರ್ಗ ಎಂದು ತೀರ್ಮಾನವಾಗಿತ್ತು. ಲೈನಿನವರ ಒಂದು ಫಾರಮ್ಮೂ ಯಾಕಿಲ್ಲ ಎಂದು ಅವರು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಕೇಳಿದ್ದರೆ ಮಳೆಯ ಮೇಲೋ ರಸ್ತೆಯ ಮೇಲೋ ತಪ್ಪು ಹೊರಿಸುತ್ತಿದ್ದೆ. ಕೇಳದೆ ಹೋದದ್ದಕ್ಕೆ ಇನ್ನೂ ನಾಚಿಕೆಯಾಯಿತು.

ಹೊರಡುವಾಗ ಮಾತ್ರ ಒಂದು ಮಾತು ಹೇಳಿದರು: "ಆ ನಾಪೋಕ್ಲಿನ ಅಜ್ಜನನ್ನ ಒಂದ್ಸಲ ನೋಡಬೇಕು ಮೇಡಂ. ಇಡೀ ಜಿಲ್ಲೇಲಿ ಆ ವಯಸ್ಸಲ್ಲಿ ನಿಮ್ಮಷ್ಟು ತಿರುಗೋರು ಅವರೊಬ್ಬರೇ."

ಹನ್ನೆರಡನೇ ಸಾಲು

ಬೋರ್ಡು ಬರಲಿಲ್ಲ. ಆದರೆ ಆ ಅಧಿಕಾರಿ ದೊಡ್ಡ ಮನಸ್ಸಿನವರು, ಮೊದಲ ವಿಮಾನಕ್ಕೆ ನನಗೊಂದು ಪಾಸ್ ಕಳಿಸಿದರು. ಹೋಗಿ ಅದೇ ವಿಮಾನದಲ್ಲಿ ವಾಪಸ್ ಬರಬಹುದು. ಬೇಡವೆಂದರೆ ಗುಟ್ಟು ಬಯಲಾಗುತ್ತದೆ, ಹೋದರೂ ಬಯಲಾಗುತ್ತದೆ. "ಹೋಗಿ ಬಾ, ಇನ್ನು ಮೇಲೆ ಸುಳ್ಳು ಹೇಳೋದಾದ್ರೂ ತಪ್ಪುತ್ತದೆ" ಎಂದರು ಗಂಡ.

ಗೋವಾಕ್ಕೆ ಹೂಂ ಅಂದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ವಿಮಾನದ ತುಂಬ ಲೈನಿನವರೇ. ಮಕ್ಕಳು, ಹೊದಿಕೆ ಕಟ್ಟುಗಳು, ಊರಿಗೆಂದು ಕಟ್ಟಿಸಿಕೊಂಡ ಕಾಫಿ ಪುಡಿ. ಹನ್ನೆರಡನೇ ಸಾಲಿನ ಕಿಟಕಿ ಪಕ್ಕ ನಾನು, ನನ್ನ ಪಕ್ಕ ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಕೆಲಸದ ಒಬ್ಬ ಹೆಂಗಸು.

ಹದಿನಾಲ್ಕು ವರ್ಷದಿಂದ "ಬೆಲ್ಟು ಬಿಗಿಯಾಗಿ ಕಟ್ಕೊಳ್ಳಿ" ಎಂದು ಜನರಿಗೆ ಹೇಳಿದವಳು ನಾನು. ಬೆಲ್ಟಿನ ಒಂದು ತುದಿ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಸೀಟಿನ ಸಂದಿಯಲ್ಲಿ ತಡಕಾಡಿ, ಕೈಗೆ ಸಿಕ್ಕಿದ್ದನ್ನು ಎಳೆದು ಸಿಕ್ಕಿಸಲು ನೋಡಿದೆ. ಅದು ಆ ಹೆಂಗಸಿನ ಬೆಲ್ಟು. ಅವಳು ತನ್ನದನ್ನು ಬಿಡಿಸಿಕೊಂಡು, ನಾನು ಕುಂಡೆಯ ಕೆಳಗೆ ಹಾಕಿಕೊಂಡು ಕೂತಿದ್ದ ತುದಿಯನ್ನು ಎಳೆದು ತೆಗೆದು, ಟಕ್ಕೆಂದು ಹಾಕಿಕೊಟ್ಟಳು.

"ಫಸ್ಟ್ ಟೈಮಾ ಅಕ್ಕ?"

ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವಿಮಾನ ಓಡತೊಡಗಿತು, ನಾನು ಅವಳ ಕೈ ಹಿಡಿದುಕೊಂಡಿದ್ದೆ. "ಹೂಂ" ಎಂದೆ.

"ಭಯ ಬೇಡ. ಕಿವಿ ಬಂದ್ ಆದ್ರೆ ಬಾಯಿ ತೆಗೀರಿ. ನಾನು ಬೆಂಗಳೂರಿಂದ ಮೂರು ಸಲ ಹೋಗಿದ್ದೀನಿ. ಟಿಕೆಟ್ ಎಲ್ಲ ಫೋನಲ್ಲೇ ಮಾಡ್ತೀವಿ. ನನ್ನ ತಂಗಿ ಒಂದ್ಸಲ ಪೊನ್ನಂಪೇಟೆ ಅಂಗಡೀಲಿ ಹೋಗಿ ಕೇಳಿದ್ಲು. ಅಲ್ಲಿ ಒಬ್ರು ಅಕ್ಕ ಇದ್ದಾರಂತೆ, ತಲೆ ಎತ್ತಿ ನೋಡಲೇ ಇಲ್ಲ. ವಿಮಾನ ಅನ್ನೋ ಮೊದಲೇ ರೈಲು ಅಂತ ಬರೆದ್ರಂತೆ."

ಆ ಅಕ್ಕ ನಾನೇ. ಎಷ್ಟು ಎತ್ತರದಲ್ಲಿದ್ದರೂ ಕೆಳಗೆ ಹಾರಿಬಿಡಬೇಕು ಎನಿಸಿತು. ಬೆಲ್ಟು ಬಿಚ್ಚಲು ಬರುತ್ತಿರಲಿಲ್ಲ.

"ನೀವು ಏನು ಕೆಲಸ ಮಾಡ್ತೀರಿ ಅಕ್ಕ?" ಎಂದು ಕೇಳಿದಳು.

ಟಿಕೆಟ್ ಅಂಗಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. "ಪಿಕ್ಕಿಂಗ್" ಎಂದೆ.

ಅವಳು ಇನ್ನೂ ನನ್ನ ಮುಷ್ಟಿಯಲ್ಲೇ ಇದ್ದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ನನ್ನ ಅಂಗೈ ತಿರುಗಿಸಿ, ಹೆಬ್ಬೆರಳಿನಿಂದ ಒಂದು ಸಲ ಸವರಿ ನೋಡಿದಳು.

"ಅದೂ ಫಸ್ಟ್ ಟೈಮಾ?" ಎಂದಳು.