ಶಾಂತಕ್ಕನಿಗೆ ಕಾನೂನು ತಿಳಿಸಿದ್ದು

ಜನರಿಗೆ ಕಾನೂನು ತಿಳಿಸಲು ನನ್ನಂಥವನು ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಆಗ ಚಿಕ್ಕೋಡಿ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ನನಗೆ ಎರಡು ವರ್ಷದ ಅನುಭವ. ಒಂದು ವರ್ಷ ಅವರ ಚೀಲ ಹಿಡಿದದ್ದು. ಇನ್ನೊಂದು ವರ್ಷ ಚೀಲದ ಜೊತೆ ಛತ್ರಿಯನ್ನೂ ಹಿಡಿದದ್ದು.

ಎಂಬತ್ತರ ದಶಕದ ಕೊನೆಯ ಮಾತು. ಹಳ್ಳಿಗಳಲ್ಲಿ ಕಾನೂನು ತಿಳಿವಳಿಕೆ ಶಿಬಿರ ನಡೆಸಬೇಕು, ಹೆಣ್ಣುಮಕ್ಕಳು ಹೆಚ್ಚಾಗಿ ಬರಬೇಕು ಎಂದು ಮೇಲಿನಿಂದ ಸೂಚನೆ ಬಂತು. ವಿಷಯ, ತಂದೆಯ ಆಸ್ತಿಯಲ್ಲಿ ಮಗಳ ಹಕ್ಕು.

"ಅಷ್ಟ ಹೆಣ್ಮಕ್ಕಳನ್ನ ಎಲ್ಲಿಂದ ತರೂದೋ?" ಎಂದರು ಹಿರಿಯರು.

"ನಮ್ಮೂರು ಭೋಜದಾಗ ನಾಗರ ಪಂಚಮಿ ಮರುದಿನ ಇಡೂಣ್ರಿ ಸರ್. ಕೊಟ್ಟ ಹೆಣ್ಮಕ್ಕಳೆಲ್ಲ ತವರಮನಿಗೆ ಬಂದಿರ್ತಾರ," ಎಂದೆ.

ಈ ಜಾಣತನಕ್ಕೆ ಅವರು ಮೊದಲ ಸಲ ನನ್ನ ಬೆನ್ನು ತಟ್ಟಿದರು. ಭಾಷಣವೂ ನನ್ನ ಪಾಲಿಗೇ ಬಂತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಪಂಚಮಿಗೆ ಅಕ್ಕತಂಗಿಯರು ಬಂದಾಗ ಅಣ್ಣತಮ್ಮಂದಿರು ಸೀರೆ ಉಡಿಸುತ್ತಾರೆ. ಅಪ್ಪ ತೀರಿಕೊಂಡಿದ್ದರೆ, ಹಬ್ಬ ಮುಗಿದ ಮೇಲೆ ಅದೇ ಸೀರೆಯಲ್ಲಿ ಅವರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಹೊಲದ ಮೇಲಿನ ಹಕ್ಕು ಬಿಟ್ಟೆವು ಎಂದು ಸಹಿ ಮಾಡಿಸುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ನಮ್ಮಪ್ಪ ಹೋಗಿ ಒಂದು ವರ್ಷವಾಗಿತ್ತು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಅಪ್ಪ ಸ್ವಂತ ದುಡಿದು ಕೊಂಡ ಬಾವಿ ಹೊಲಕ್ಕೆ ಉಳಿದವರು ನಾನು ಮತ್ತು ಉಗಾರ ಬುದ್ರುಕಕ್ಕೆ ಕೊಟ್ಟ ನಮ್ಮ ಶಾಂತಕ್ಕ, ಇಬ್ಬರೇ. ಅವಳಿಗೆ ಹಸಿರು ಇಳಕಲ್ ಸೀರೆ ತಂದಿಟ್ಟಿದ್ದೆ. ಹಕ್ಕು ಬಿಡುವ ಕಾಗದವನ್ನು ನಾನೇ ಬರೆದು ಚೀಲದಲ್ಲಿಟ್ಟಿದ್ದೆ. ಶಿಬಿರ ಭಾನುವಾರ, ಸಹಿ ಸೋಮವಾರ. ಒಂದು ಸರಕಾರಿ ಕೆಲಸ, ಇನ್ನೊಂದು ಮನೆಯ ಕೆಲಸ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಹಬ್ಬದ ಹಿಂದಿನ ದಿನ ಅಕ್ಕ ಮತ್ತು ನನ್ನ ಹೆಂಡತಿ ಸುಶೀಲಾ ಉಂಡಿ ಕಟ್ಟುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಭಾಷಣ ಓದತೊಡಗಿದೆ. "ಸದರಿ ಮೃತರ ಸ್ವಯಾರ್ಜಿತ ಸ್ಥಿರಾಸ್ತಿಗೆ ಸಂಬಂಧಪಟ್ಟಂತೆ..."

"ಯಾರ ಸತ್ತಾರೋ?" ಎಂದಳು ಅಕ್ಕ.

"ಯಾರೂ ಸತ್ತಿಲ್ಲ ಅಕ್ಕಾ. ಇದು ಕಾಯದೆ."

"ಹಿಂಗ ಓದಿದ್ರ ಮಂದಿ ಅಲ್ಲೇ ಮಲಗ್ತಾರ್ರಿ," ಎಂದಳು ಸುಶೀಲಾ. "ಮನ್ಯಾಗ ಮಾತಾಡ್ದಂಗ ಹೇಳ್ರಿ."

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಕ್ಕನಿಗೆ ತಿಳಿದರೆ ಊರಿಗೆಲ್ಲ ತಿಳಿದ ಹಾಗೆ ಎಂದು ಅವಳ ಮೇಲೆಯೇ ಪ್ರಯೋಗ ನಡೆಸಿದೆ. ಸಂಜೆಯವರೆಗೆ ತಿದ್ದಿ ತಿದ್ದಿ, ಕೊನೆಗೆ ಎರಡು ಮಾತು ಉಳಿದವು. ಅಪ್ಪನ ಹೊಲದಾಗ ಮಗಳಿಗೂ ಮಗನಷ್ಟ ಪಾಲು ಐತಿ. ಓದಿಸಿ ತಿಳ್ಕೊಳ್ಳದ ಯಾವ ಕಾಗದಕ್ಕೂ ಸಹಿ ಮಾಡಬ್ಯಾಡ್ರಿ.

ಉಂಡಿ ಕಟ್ಟುತ್ತಿದ್ದ ಅಕ್ಕನ ಕೈ ನಿಂತಿತು. "ಈಗ ತಿಳೀತು," ಎಂದಳು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೈ ಯಾಕೆ ನಿಂತಿತು ಎಂದು ಯೋಚಿಸುವಷ್ಟು ಬುದ್ಧಿ ಇದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಭಾನುವಾರ ಶಾಲೆಯ ಅಂಗಳ ಹೊಸ ಸೀರೆಗಳಿಂದ ತುಂಬಿತ್ತು. ಗಂಡಸರು ಹಿಂದೆ ಬೇವಿನ ಗಿಡದ ಕೆಳಗೆ ತಂಬಾಕು ತಿಕ್ಕುತ್ತ ನಿಂತಿದ್ದರು. ನಾನು ಮಾತಾಡಿದೆ. ಒಬ್ಬರೂ ಮಲಗಲಿಲ್ಲ! ವೇದಿಕೆಯ ಮೇಲೆ ಹಿರಿಯರು ತಲೆದೂಗಿದರು. ಆ ಉಮೇದಿನಲ್ಲಿ, ಭಾಷಣದಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಿಬಿಟ್ಟೆ. "ಏನರ ಕೇಳೂದಿದ್ರ ಕೇಳ್ರಿ. ಹೆದರಬ್ಯಾಡ್ರಿ."

ಹಸಿರು ಇಳಕಲ್ ಸೀರೆ ಎದ್ದು ನಿಂತಿತು.

"ತಮ್ಮಾ, ನಾಳೆ ನನ್ನ ಸಹಿ ಮಾಡಾಕ ಚಿಕ್ಕೋಡಿಗೆ ಕರ್ಕೊಂಡ ಹೊಂಟೀಯಲ್ಲ, ಆ ಕಾಗದದಾಗ ಏನ ಬರದೀದಿ?"

"ಮನ್ಯಾಗ ಹೇಳ್ತೀನಿ ಅಕ್ಕಾ," ಎಂದೆ. ಮೈಕು ಚಾಲು ಇತ್ತು. ಊರಿನ ಕೊನೆಯ ಮನೆಗೂ ಕೇಳಿಸಿರಬೇಕು.

"ಓದಿಸದ ಸಹಿ ಮಾಡಬ್ಯಾಡ ಅಂದಾಂವ ನೀನ. ಕಾಗದ ನಿನ್ನ ಚೀಲದಾಗ ಐತಂತ ಸುಶೀಲಾ ಅಂದ್ಲು. ಓದು."

ಸುಶೀಲಾ ನೆಲ ನೋಡುತ್ತಿದ್ದಳು. "ಓದಪಾ," ಎಂದರು ಹಿರಿಯರು. ಕಾಗದ ತೆಗೆದು, "ಸದರಿ ಮಿಳಕತ್ತಿನಲ್ಲಿ ನನಗಿರುವ ಯಾವತ್ತೂ ಹಕ್ಕುಬಾಧ್ಯತೆಗಳನ್ನು..." ಎಂದು ಶುರು ಮಾಡಿದೆ.

ಮುಂದಿನ ಸಾಲಿನ ಮುದುಕಿಯೊಬ್ಬಳು ಕೈ ಎತ್ತಿದಳು. "ತಿಳೀವಲ್ದೋ ಯಪ್ಪಾ. ಈಗ ಭಾಷಣದಾಗ ಹೇಳಿದ್ಯಲ್ಲ, ಹಂಗ ಹೇಳು."

ಬೇರೆ ದಾರಿ ಇರಲಿಲ್ಲ. "ಬಾವಿ ಹೊಲದಾಗ ಅಕ್ಕಂದು ಏನೂ ಇಲ್ಲ. ಎಲ್ಲಾ ನಂದ," ಎಂದೆ. ಆ ದಿನ ನಾನು ಹೇಳಿದ್ದರಲ್ಲಿ ಎಲ್ಲಕ್ಕಿಂತ ಸರಳವಾದ ಮಾತು ಅದು. ಎರಡನೇ ಸಲ ಹೇಳಬೇಕಾಗಲಿಲ್ಲ.

ಅಕ್ಕ ಸಿಟ್ಟು ಮಾಡಲಿಲ್ಲ. "ಆ ಬಾವಿ ತೋಡುವಾಗ ಸಾಲಿ ಬಿಟ್ಟ ಮಣ್ಣ ಹೊತ್ತಾಕಿ ನಾನೋ ತಮ್ಮಾ. ನೀ ಸಾಲಿಗೆ ಹೋಗ್ತಿದ್ದಿ," ಎಂದು ಹೇಳಿ ಕೂತಳು. ಅಷ್ಟೇ. ನನಗೆ ನಿಜವಾಗಿ ನಾಚಿಕೆಯಾಯಿತು. ಕಾಗದವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿರಿಯರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ತುಂಡು ಮಾಡಿ ನನ್ನ ಕೈಗೇ ವಾಪಸು ಕೊಟ್ಟರು.

ಮನೆಗೆ ಬರುವಾಗ ಸುಶೀಲಾ, "ಭಾಷಣ ಭಾಳ ಚಲೋ ಆತ್ರಿ. ನಾನೂ ನಮ್ಮಣ್ಣಗ ಒಂದ ಕಾರ್ಡ ಬರೀತೀನಿ," ಎಂದಳು.

ಸೋಮವಾರ ನೋಂದಣಿ ಕಚೇರಿಗೆ ಭೋಜದಿಂದ ಒಬ್ಬ ಹೆಣ್ಣುಮಗಳೂ ಹೋಗಲಿಲ್ಲ. ಊರಿನ ಗಂಡಸರು ನನ್ನೊಡನೆ ಮಾತು ಬಿಟ್ಟರು. ಕ್ಷೌರದ ಅಂಗಡಿಯವನಿಗೂ ಇಬ್ಬರು ಅಕ್ಕಂದಿರಿದ್ದರು. ಆ ವರ್ಷವೆಲ್ಲ ನಾನು ನಿಪ್ಪಾಣಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ. ಭೋಜದ ಜನತೆಗೆ ವಿಷಯ ಸಂಪೂರ್ಣ ಮನದಟ್ಟಾಗಿದೆ ಎಂದು ಹಿರಿಯರು ಮೇಲಕ್ಕೆ ವರದಿ ಕಳಿಸಿದರು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರಿನ ಜೊತೆ ಅಕ್ಕನ ಹೆಸರೂ ಬಂತು.

ಮುಂದಿನ ಪಂಚಮಿಗೆ ಅಕ್ಕ ಬಂದಳು. ಈ ಸಲ ಕೆಂಪು ಸೀರೆ ತಂದಿದ್ದೆ, ಯಾವ ಉದ್ದೇಶವೂ ಇಲ್ಲದೆ. ಅವಳು ಅದನ್ನು ಇಸಿದುಕೊಂಡು, ಮಡಿಕೆ ಮಡಿಕೆ ಬಿಡಿಸಿ, ಸುಶೀಲಾಳ ಮುಂದೆ ಎರಡು ಸಲ ಜಾಡಿಸಿದಳು.

"ಏನ ಹುಡಕ್ತಿ ಅಕ್ಕಾ?"

"ಏನಿಲ್ಲೋ. ಕಾಗದ ಏನರ ಐತೇನಂತ ನೋಡಿದೆ."

ಇಲ್ಲ ಎಂದೆ. ನಂಬಲಿಲ್ಲ, ಮೂರನೇ ಸಲವೂ ಜಾಡಿಸಿದಳು. ಹಾಗೆ ನೋಡಿ ತಿಳಿದುಕೊಳ್ಳಬೇಕೆಂದು ಸಂಜೆಯವರೆಗೆ ನಿಂತು ಕಲಿಸಿದವನು ನಾನೇ.