ಹಿಂದೆ ಬರುತ್ತಿರುವ ಜಂಬಕ್ಕ

ಜಂಬಕ್ಕ ತೀರಿಕೊಂಡಳು. ಈ ಮಾತನ್ನು ಕಂಪ್ಲಿಯ ಆ ಓಣಿಯಲ್ಲಿ ಎಲ್ಲರೂ ಹೇಳಿದರು, ಚಂದ್ರಕಲಾ ಒಬ್ಬಳನ್ನು ಬಿಟ್ಟು. ಸಂಡೂರಿನಿಂದ, ಮೆಟ್ರಿಯಿಂದ ಫೋನು ಬಂದಾಗಲೆಲ್ಲ ಅವಳು "ಒಂದು ನಿಮಿಷ" ಎಂದು ಅದನ್ನು ಗಂಡ ಸುಂಕಪ್ಪನ ಕೈಗೆ ಕೊಟ್ಟುಬಿಡುತ್ತಿದ್ದಳು. ಸುಂಕಪ್ಪ ತೋರಣಗಲ್ಲಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಶಿಫ್ಟ್ ಮುಗಿದ ವರದಿ ಒಪ್ಪಿಸುವವನ ದನಿಯಲ್ಲಿ, "ಹೌದ್ರಿ, ಸೋಮವಾರ ಮುಂಜಾನಿ. ಹಾರ್ಟು" ಎಂದು ಹೇಳಿ ಇಡುತ್ತಿದ್ದ.

ಚಂದ್ರಕಲಾ ಬಾಯಿಲ್ಲದವಳೇನಲ್ಲ. ಊರಿನ ಗ್ರಂಥಾಲಯ ನೋಡಿಕೊಂಡವಳು. ಕಪಾಟಿನ ಕಾದಂಬರಿಗಳಲ್ಲಿ ಎಷ್ಟೋ ಸಾವುಗಳನ್ನು ಓದಿ, ಅತ್ತು, ಮೂಗು ಒರೆಸಿಕೊಂಡು ಅಡುಗೆಗೆ ಹೋದವಳು. ಆದರೆ ಈ ಒಂದು ವಾಕ್ಯ ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. (ಮಣ್ಣು ಕೊಟ್ಟು ಬಂದ ಮೇಲೂ ಇಂಥ ಭಯವೇ ಎಂದು ಕೇಳಬೇಡಿ. ಭಯಕ್ಕೆ ಬುದ್ಧಿ ಇದ್ದಿದ್ದರೆ ಅದನ್ನು ಭಯ ಎನ್ನುತ್ತಿರಲಿಲ್ಲ.)

ಎದುರು ಮನೆಯ ಜಂಬಕ್ಕ ಶ್ರದ್ಧೆಯಿಂದ ಓದಿದ್ದು ಹೋಟೆಲಿನ ಗೋಡೆಯ ತಿಂಡಿ ಹಲಗೆಯೊಂದನ್ನೇ. ಒಮ್ಮೆ ಹಂಪಿಗೆ ಹೋದಾಗ ಹೊಳೆಯಾಚೆಯ ನಡುಗಡ್ಡೆಯಲ್ಲಿ ಪ್ರವಾಸಿಗರು ಫೋನು ನೋಡಿಕೊಂಡು ನಡೆಯುವುದು, ನಿಂತು ತಿನ್ನುವುದು, ಮತ್ತೆ ನಡೆಯುವುದು ಅವಳ ಕಣ್ಣಿಗೆ ಬಿತ್ತು. ಗೈಡಿಲ್ಲ, ಗಲಾಟೆಯಿಲ್ಲ. ಅಂದೇ ಅವಳಿಗೆ ಜ್ಞಾನೋದಯವಾಯಿತು.

"ಲೇ ಚಂದ್ರಿ, ನಾವೂ ಹಿಂಗ ಮಾಡೂಣು. ದೋಣಿ ಇಳಿದಲ್ಲಿಂದ ಶುರು, ಓಣಿ ಮುಗಿಯೂತನ ತಿನ್ನೂದು."

"ಅದಕ್ಕ ಸ್ವಯಂಮಾರ್ಗದರ್ಶಿತ ಪಾದಚಾರಿ ಭೋಜನಯಾತ್ರೆ ಅಂತಾರ."

"ಹೆಸರು ಮುಗಿಯೂದ್ರಾಗ ಹಸಿವು ಆತಲ್ಲೇ! ಒಂದೊಂದು ಪ್ಲೇಟ್ ಪೂರಾ ತಿಂದ್ರ ನಾಕು ಅಂಗಡಿಗೆ ಹೊಟ್ಟಿ ಬಂದ್. ಎಲ್ಲಾ ಬೈ ಟೂ ಹೇಳಿದ್ರ ಎಂಟು ಅಂಗಡಿ. ಇಷ್ಟು ಲೆಕ್ಕ ಬರಂಗಿಲ್ಲಂದ್ರ ಗ್ರಂಥಾಲಯ ಹೆಂಗ ನಡಸ್ತಿಯೋ ಮಾರಾಯ್ತಿ."

ಯೋಜನೆ ಹೀಗೆ ಭದ್ರವಾಯಿತು. ಯಾತ್ರೆ ಮಾತ್ರ ಹೊರಡಲಿಲ್ಲ. ಒಮ್ಮೆ ಜಂಬಕ್ಕನ ಅತ್ತೆ ಜಾರಿ ಬಿದ್ದಳು, ಒಮ್ಮೆ ಸುಂಕಪ್ಪನ ಬಿಪಿ ಏರಿತು, ಇನ್ನೊಮ್ಮೆ ಎಲ್ಲ ಸರಿಯಿದ್ದು ಸೀರೆ ಉಟ್ಟು ನಿಂತಾಗ ನಲ್ಲಿಯಲ್ಲಿ ನೀರು ಬಂತು. ನೀರು ಬಂದ ದಿನ ಮನೆ ಬಿಟ್ಟು ಹೋಗುವ ಹೆಂಗಸು ಕಂಪ್ಲಿಯಲ್ಲಿ ಇನ್ನೂ ಹುಟ್ಟಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಚಂದ್ರಕಲಾ ಸೀರೆ ಉಟ್ಟು ನಿಂತಳು.

"ಒಬ್ಬಾಕೀನ? ಗಡ್ಡಿಗೆ? ತಿನ್ನಾಕ?" ಸುಂಕಪ್ಪ ಒಂದೊಂದು ಪದಕ್ಕೂ ಕನ್ನಡಕ ಏರಿಸಿದ. "ಮನ್ಯಾಗ ಏನ್ ಕಮ್ಮಿ ಆಗೇತಿ?"

"ಏನೂ ಆಗಿಲ್ಲ."

"ತಡಿ, ನಾನೂ ಬರ್ತೀನಿ."

"ಬ್ಯಾಡ್ರಿ. ನೀವು ಬಂದ್ರ ಬೈ ಟೂ ಆಗಂಗಿಲ್ಲ. ಇನ್ನೊಬ್ಬರ ತಾಟಿಗೆ ಕೈ ಹಾಕಂಗಿಲ್ಲ, ನಿಮ್ಮ ತಾಟಿಗೆ ಯಾರನ್ನೂ ಬಿಡಂಗಿಲ್ಲ."

ಮೂವತ್ತು ವರ್ಷದ ಸಂಸಾರದ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಸುಂಕಪ್ಪ ಒಂದು ಬಾಟ್ಲಿ ನೀರು ತುಂಬಿ ಅವಳ ಚೀಲದಲ್ಲಿಟ್ಟ.

ಕಮಲಾಪುರದವರೆಗೆ ಬಸ್ಸು, ಅಲ್ಲಿಂದ ಆಟೋ, ಆಮೇಲೆ ದೋಣಿ. ಗಡ್ಡೆಗೆ ಇಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಮೊದಲ ಅಂಗಡಿ ಯಮನಮ್ಮನದು. ಕಲ್ಲುಮಂಟಪದ ನೆರಳಿಗೆ ಒಲೆ ಹೂಡಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುತ್ತಿದ್ದಳು. ಚಂದ್ರಕಲಾ ಬೆಂಚಿನ ಮೇಲೆ ಕುಳಿತಳು. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: "ಒಂದು ಒಗ್ಗರಣಿ, ಬೈ ಟೂ."

ಎರಡು ತಟ್ಟೆ ಬಂದವು.

"ಇನ್ನೊಬ್ರು ಎಲ್ಲದಾರ್ರೀ ಅಕ್ಕಾ?"

ಹೇಳುವ ಅವಕಾಶ ತಾನಾಗಿ ಎದುರು ಬಂದು ನಿಂತಿತ್ತು. ಚಂದ್ರಕಲಾ ಬಾಯಿ ತೆರೆದಳು.

"ಹಿಂದ ಬರಾಕತ್ತಾಳ."

"ಹೌದಾ? ಹಂಗಾರ ಆರಬಾರ್ದು" ಎಂದು ಯಮನಮ್ಮ ಎರಡನೆಯ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿದಳು. "ಹೆಂಗದಾರ ನೋಡಾಕ? ಬಂದ್ರ ಕರೀತೀನಿ."

"ದಪ್ಪಕ್ಕದಾಳ. ಹಸರು ಸೀರಿ. ಮಣಕಾಲು ನೋವು, ನಿಧಾನ ನಡೀತಾಳ. ಮಾತು ಮಾತ್ರ ಜಲ್ದಿ." ಇಷ್ಟು ಹೇಳುವಾಗ ಚಂದ್ರಕಲಾಗೆ ಹನ್ನೆರಡು ದಿನಗಳಲ್ಲಿ ಮೊದಲ ಸಲ ಒಗ್ಗರಣೆಯ ರುಚಿ ನಾಲಿಗೆಗೆ ತಿಳಿಯಿತು. ದುಡ್ಡು ಕೊಟ್ಟು, "ಆಕೀನ ಮುಂದ ಕಳಸ್ರಿ" ಎಂದು ಎದ್ದಳು.

ಸುಳ್ಳು ರುಚಿಯಾಗಿದ್ದರೆ ಅದನ್ನೂ ಎರಡನೆಯ ಸಲ ಹಾಕಿಸಿಕೊಳ್ಳುವುದು ಮನುಷ್ಯ ಸ್ವಭಾವ. ಚಹಾದಂಗಡಿಯಲ್ಲಿ ಬೈ ಟೂ, ಹಿಂದೆ ಬರುತ್ತಿದ್ದಾಳೆ. ಕಬ್ಬಿನಹಾಲಿನ ಗಾಡಿಯಲ್ಲಿ ಬೈ ಟೂ, ಮಂಟಪದ ನೆರಳಲ್ಲಿ ಸ್ವಲ್ಪ ಕೂತಿದ್ದಾಳೆ. ಯಲ್ಲೇಶನ ಹೋಟೆಲಿನಲ್ಲಿ ಕುರ್ಚಿಯೇ ಇರಲಿಲ್ಲ. ವಿದೇಶಿಯರಿಗಾಗಿ ನೆಲಕ್ಕೆ ಹಾಸಿಗೆ, ದಿಂಬು, ಮೊಣಕಾಲೆತ್ತರದ ಮೇಜು. ಬಾಣಂತಿಯ ಕೋಣೆಯಂತಿದ್ದ ಆ ಜಾಗದಲ್ಲಿ ಚಂದ್ರಕಲಾ ಒರಗಿ ಕುಳಿತು ಬಾಳೆಹಣ್ಣಿನ ಪ್ಯಾನ್‌ಕೇಕ್ ಬೈ ಟೂ ಹೇಳಿದಳು. ಬಂದ ಪದಾರ್ಥ ಉಬ್ಬಿಕೊಂಡು, ಬಿಸಿಯಾಗಿ, ಮಂಕಾಗಿ ಮಲಗಿತ್ತು.

"ದ್ವಾಸಿಗೆ ಜ್ವರ ಬಂದಂಗೈತಿ" ಎಂದಳು ಚಂದ್ರಕಲಾ.

ಯಲ್ಲೇಶ್ ನಕ್ಕ. "ಏನ್ ಮಸ್ತ್ ಮಾತಾಡ್ತೀರಿ ಅಕ್ಕಾ!"

"ನಂದಲ್ಲಪ್ಪ. ಆಕೀದು ಮಾತು. ಬಂದ್ರ ಹಿಂಗ ಅಂತಾಳ."

ತಿಂದಾದ ಮೇಲೆ ಏಳುವುದಾಗಲಿಲ್ಲ. ಹಿಡಿದೆಬ್ಬಿಸುವವರು ಪಕ್ಕದಲ್ಲಿಲ್ಲದೆ ನೆಲದ ಹಾಸಿಗೆಯ ಮೇಲೆ ಕೂರಬಾರದು ಎಂಬ ಸತ್ಯ ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು, ಕೊನೆಗೆ ಮೇಜನ್ನು ತಬ್ಬಿಕೊಂಡು ಎದ್ದಳು. ಎದುರಿನ ವಿದೇಶಿ ಜೋಡಿ ಇದು ಯಾವುದೋ ಯೋಗಾಸನವೆಂದು ಗೌರವದಿಂದ ನೋಡಿತು. ಚಂದ್ರಕಲಾ ಕೈ ಮುಗಿದಳು. ಪಕ್ಕದಲ್ಲಿ ನಗುವವರು ಯಾರೂ ಇರಲಿಲ್ಲ.

ಓಣಿ ಮುಗಿಯುವಷ್ಟರಲ್ಲಿ ಹೊತ್ತು ಬಾಗಿತ್ತು. ಹೊಟ್ಟೆಗಿಂತ ಎದೆ ಹಗುರಾಗಿತ್ತು. ಆ ಓಣಿಯುದ್ದಕ್ಕೂ ಜನ ಜಂಬಕ್ಕನ ದಾರಿ ಕಾಯುತ್ತಿದ್ದರು; ಅಂದಮೇಲೆ ಅವಳು ಎಲ್ಲೋ ಹಿಂದೆ, ಕಾಲೆಳೆಯುತ್ತ, ಬೈದುಕೊಳ್ಳುತ್ತ ಬರುತ್ತಲೇ ಇದ್ದಳು.

ಕೊನೆಯ ದೋಣಿಗೆ ಬಂದು ಕುಳಿತಳು. ದೋಣಿ ತುಂಬಿತ್ತು. ದೋಣಿ ನಡೆಸುವ ಪಕ್ಕೀರಪ್ಪ ಇಂಜಿನಿಗೆ ಕೈ ಹಾಕದೆ ದಡ ನೋಡುತ್ತ ನಿಂತಿದ್ದ.

"ಬಿಡಪ್ಪ ದೋಣಿ. ಹೊಸಪೇಟಿ ಬಸ್ಸು ಹೋಕ್ಕೈತಿ!" ಯಾರೋ ಗದರಿದರು.

"ತಡೀರಿ. ಹಸರು ಸೀರಿ ಅಕ್ಕ ಒಬ್ರು ಬರಬೇಕಂತ. ಯಮನಮ್ಮ ಫೋನ್ ಮಾಡ್ಯಾಳ. ಕೊನೀ ದೋಣಿ, ಬಿಟ್ಟು ಹೆಂಗ ಹೋಗ್ಲಿ?"

ಚಂದ್ರಕಲಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಪಕ್ಕದಲ್ಲಿ ಹಲಗೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಪಕ್ಕೀರಪ್ಪ ಅದರ ಮೇಲೆ ತನ್ನ ಟವೆಲ್ ಹಾಸಿ ಕಾಯ್ದಿರಿಸಿದ್ದ.

ಮೆಟ್ಟಿಲ ಮೇಲೆ ಯಮನಮ್ಮ ಏದುಸಿರು ಬಿಡುತ್ತ ಕಾಣಿಸಿಕೊಂಡಳು. ಕೈಯಲ್ಲಿ ಪೇಪರಿನ ಪೊಟ್ಟಣ, ಹಿಂದೆ ಯಲ್ಲೇಶ್, ಅವನ ಹಿಂದೆ ಕಬ್ಬಿನಹಾಲಿನವನು.

"ಎಲ್ಲೂ ಇಲ್ರೀ ಅಕ್ಕಾ! ಮಂಟಪದಾಗ ನೋಡಿದ್ವಿ, ಗದ್ದಿ ಕಡಿ ನೋಡಿದ್ವಿ. ಇಬ್ಬರನ್ನ ಹೊಳಿ ಬಂಡೆಗಲ್ಲಿನ ಕಡಿ ಕಳಿಸೀನಿ. ಮಣಕಾಲು ನೋವಿನವರು, ಜಾರಿಗೀರಿ ಬಿದ್ದಿದ್ರ? ನಿಮಗ ಗಾಬರಿ ಆಗವಲ್ದೇನು? ಹೆಸರರ ಏನು, ಕೂಗ್ತೀವಿ!"

"ಜಂಬಕ್ಕ" ಎಂದಳು ಚಂದ್ರಕಲಾ.

ತಡೆಯುವಷ್ಟರಲ್ಲಿ ಯಲ್ಲೇಶ್ ಬಂಡೆಗಳತ್ತ ತಿರುಗಿ, ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದ: "ಜಂಬಕ್ಕಾ! ಓ ಜಂಬಕ್ಕಾ!" ಬಂಡೆಗಳೂ ಒಮ್ಮೆ ಕೂಗಿದವು. ದೋಣಿಯಲ್ಲಿದ್ದವರೆಲ್ಲ ದಡದತ್ತ ಕತ್ತು ತಿರುಗಿಸಿದರು. ಬಸ್ಸಿಗೆ ಅವಸರ ಮಾಡಿದವನೂ ತಿರುಗಿಸಿದ.

"ಕೂಗಬ್ಯಾಡ್ರಿ" ಎಂದು ಚಂದ್ರಕಲಾ ಎದ್ದು ನಿಂತಳು. ದೋಣಿ ಅಲುಗಿತು. "ಆಕಿ ಬರಂಗಿಲ್ಲ. ಜಂಬಕ್ಕ ತೀರಿಕೊಂಡಾಳ."

ಯಲ್ಲೇಶ್ ಬಾಯಿಗೆ ಹಚ್ಚಿದ ಕೈ ಇಳಿಸಿದ.

"ಯಾವಾಗ್ರೀ, ಈಗಾ?" ಪಕ್ಕೀರಪ್ಪ ಕೇಳಿದ.

"ಹನ್ನೆರಡು ದಿನ ಆತ್ರಿ."

"ಅಂದ್ರ ನಾವು ಇಷ್ಟೊತ್ತು ಕಾದಿದ್ದು..." ಬಸ್ಸಿನವನು ಶುರುಮಾಡಿದ.

"ನೀ ಬಾಯಿ ಮುಚ್ಚಿ ಕುಂದ್ರಪ್ಪ" ಎಂದಳು ಯಮನಮ್ಮ. ಆಮೇಲೆ ಚಂದ್ರಕಲಾಳತ್ತ ತಿರುಗಿದಳು. "ಅಲ್ರೀ, ಓದಿದವರು ಕಂಡಂಗ ಕಾಣ್ತೀರಿ. ಇಡೀ ಗಡ್ಡಿ ಎಬ್ಬಿಸಿ ಹುಡುಕಿಸೀರಲ್ಲ, ನಿಮ್ಮ ಬಾಯಿಗೆ ಏನ್ ಬಂದಿತ್ತು?" ಬೈಯುತ್ತಲೇ ಮೆಟ್ಟಿಲಿಳಿದು ದೋಣಿ ಹತ್ತಿ, ಟವೆಲ್ ಸರಿಸಿ ಪಕ್ಕದಲ್ಲಿ ಕುಳಿತಳು. ಪೊಟ್ಟಣ ಬಿಚ್ಚಿ ಚಂದ್ರಕಲಾಳ ಮಡಿಲಲ್ಲಿಟ್ಟಳು. ಒಗ್ಗರಣೆ ಆರಿ ತಣ್ಣಗಾಗಿತ್ತು. "ತಿನ್ರಿ. ಅನ್ನ ಚೆಲ್ಲಬಾರ್ದು. ಇಷ್ಟೂ ಮಂದಿ ನೋಡ್ತಾರ, ನೋಡ್ಲಿ."

ಹೀಗೆ ಸ್ವಯಂಮಾರ್ಗದರ್ಶಿತ ಭೋಜನಯಾತ್ರೆಯ ಕೊನೆಯ ತಿಂಡಿಯನ್ನು ಚಂದ್ರಕಲಾ ತುಂಬಿದ ದೋಣಿಯ ನಡುವೆ, ಎಲ್ಲರ ಕಣ್ಣೆದುರು, ಮೂಗು ಸೋರಿಸುತ್ತ ತಿಂದಳು. ಪಕ್ಕೀರಪ್ಪ ಇಂಜಿನು ಹಾಕದೆ ಕಾದ.

"ಕಡೀಗೆ ಏನರ ಅಂದ್ರಾ?" ಯಮನಮ್ಮ ಮೆಲ್ಲಗೆ ಕೇಳಿದಳು.

"ಏನೂ ಅನ್ಲಿಲ್ಲ. ಅಷ್ಟು ಮಾತಾಡಾಕಿ, ಒಂದು ಮಾತೂ ಇಲ್ಲ." ಚಂದ್ರಕಲಾ ಕೈ ಒರೆಸಿಕೊಂಡಳು. ಯಾರಿಗೂ ಹೇಳದ್ದನ್ನು ಗುರುತಿಲ್ಲದವರ ದೋಣಿಯಲ್ಲಿ ಹೇಳಿದಳು: ಆ ಸೋಮವಾರ ಮುಂಜಾನೆ ಜಂಬಕ್ಕ ತನ್ನ ಮನೆ ಮುಂದೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಬಾಗಿಲು ತೆಗೆದದ್ದು ಕಂಡಳು. ನಾನು ಚಪ್ಪಲಿ ಹಾಕಿಕೊಂಡು ಓಣಿ ದಾಟುವಷ್ಟರಲ್ಲಿ ಮುಗಿದುಹೋಗಿತ್ತು. ಅದಕ್ಕೆ ಮೊದಲು ಅವಳು ಮೊರವನ್ನು ಆ ಬದಿಗಿಟ್ಟಳು, ಸೆರಗಿನಿಂದ ಕಟ್ಟೆ ಒರೆಸಿದಳು, ನನಗೆ ಜಾಗ ಬಿಟ್ಟು ಸರಿದು ಕುಳಿತಳು.